ಕೂಸಿನ ಬೆನ್ನಿನ ಕಾಡಿಗೆ

ಕಲಬುರಗಿಯಿಂದ ಬಂದ ಮೂರನೆಯ ದಿನ ಕೂಸಿನ ಬೆನ್ನ ಮೇಲೆ ಒಂದು ಕಾಡಿಗೆ ಬೊಟ್ಟು ಕಾಣಿಸಿತು. ಅಲ್ಲಿಯವರೆಗೆ ಎರಡೇ ಇದ್ದವು, ಎಡಗೆನ್ನೆಗೆ ಒಂದು, ಅಂಗಾಲಿಗೆ ಒಂದು. ನದರು ತಾಗದಿರಲಿ ಎಂದು ಎಲ್ಲ ಮನೆಗಳಲ್ಲೂ ಇಡುವ ಜಾಗಗಳು ಅವು. ಬೆನ್ನಿಗೆ ಯಾರೂ ಇಡುವುದಿಲ್ಲ. ಅಂಗಿಯ ಒಳಗಿನ ಬೆನ್ನಿಗೆ ಯಾರ ನದರು ತಾಗುತ್ತದೆ?

ಮರುದಿನ ಮೀನಖಂಡದ ಮೇಲೆ ಇನ್ನೊಂದು ಬಂತು. ಆಮೇಲೆ ಪಕ್ಕೆಗೆ. ಅದು ಬೊಟ್ಟಿನಂತೆಯೂ ಇರಲಿಲ್ಲ, ಉದ್ದಕ್ಕೆ ಬಳಿದಂತಿತ್ತು.

ಕೂಸಿನ ಹೆಸರು ಸಾಕ್ಷಿ. ನನ್ನ ಗಂಡನ ತಂಗಿ ಪೂನಂಳ ಮಗಳು. ಆಗ ನಾಲ್ಕು ತಿಂಗಳು ತುಂಬಿತ್ತು. ಪೂನಂ ಚೊಚ್ಚಲ ಹೆರಿಗೆಗೆಂದು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ತವರಿಗೆ ಬಂದಿದ್ದಳು. ತವರು ಎಂದರೆ ಈಗ ಎರಡೇ ಜನ, ಅವಳ ತಾಯಿ ಸಖುಬಾಯಿ ಮತ್ತು ನಾನು. ನನ್ನ ಗಂಡ ದತ್ತಾತ್ರಿ ತೀರಿಕೊಂಡು ಹದಿನಾರು ತಿಂಗಳಾಗಿತ್ತು. ನಾನು ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಬೆಳಿಗ್ಗೆ ಹೋಗುತ್ತೇನೆ, ಮಧ್ಯಾಹ್ನ ಬರುತ್ತೇನೆ. ಆ ಹದಿನಾರು ತಿಂಗಳಲ್ಲಿ ಯಾವುದನ್ನೂ ತಿಳಿದುಕೊಳ್ಳಬೇಕು ಅನ್ನಿಸಿರಲಿಲ್ಲ. ಬೆನ್ನಿಗೆ ಕಾಡಿಗೆ ಯಾಕೆ ಎಂಬುದು ಮೊದಲನೆಯ ಪ್ರಶ್ನೆ.

ಪೂನಂಳನ್ನು ಕೇಳಿದೆ.

"ನನಗೇನ್ ಗೊತ್ತ ವೈನಿ. ಅವ್ವ ಹಚ್ಚತಾಳ. ಡಾಕ್ಟ್ರು ನೋಡಿದ ಮ್ಯಾಲ ಕೂಸಿಗಿ ಭಾಳ ನದರ ಆಗ್ಯಾದಂತ. ಮಷೀನಿಂದೂ ನದರ ಆಗ್ತದಂತ."

"ಮಷೀನಿಂದಾ?"

"ಹೂಂ. ಎದಿ ಒಳಗ ಇಣಿಕಿ ನೋಡಿತಲ್ಲ, ಅದರದು." ಪೂನಂ ನಕ್ಕಳು. ನಗುವಾಗ ಅವಳ ಬಾಯಿ ಅಣ್ಣನ ಬಾಯಿಯಂತೆಯೇ ಒಂದು ಕಡೆಗೆ ಓರೆಯಾಗುತ್ತದೆ.

ಎದೆಯೊಳಗೆ ಇಣುಕಿದ ಮಷೀನನ್ನು ನಾನೂ ನೋಡಿದ್ದೆ. ಲಸಿಕೆ ಹಾಕಿಸಲು ಹೋದಾಗ ಕೂಸಿನ ಎದೆಯಲ್ಲಿ ಬೇರೆ ಏನೋ ಸಪ್ಪಳ ಕೇಳಿಸುತ್ತದೆ ಎಂದರು. ಕಲಬುರಗಿಗೆ ಕಳಿಸಿದರು. ಇಂಗ್ಲಿಷ್ ಚೀಟಿ ಓದಲು ಬೇಕಾಗುತ್ತದೆ ಎಂದು ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಮಕ್ಕಳ ಹೃದಯದ ಡಾಕ್ಟರ್ ಸಂಘರತ್ನ ಎಂಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಹೃದಯ ಬಡಿಯುತ್ತಿತ್ತು. ಅದರ ಗೋಡೆಗಳಲ್ಲಿ ಮೂರು ಬಿಳಿ ಗಂಟುಗಳು. ಹೃದಯ ಕುಗ್ಗಿದಾಗ ಅವೂ ಅದರ ಜೊತೆ ಒಳಗೆ ಹೋಗಿ ಬರುತ್ತಿದ್ದವು.

"ಕ್ಯಾನ್ಸರ್ ಅಲ್ಲ. ಹೃದಯದ ಸ್ನಾಯುವಿನ ಜೀವಕೋಶಗಳೇ ಒಂದು ಕಡಿ ಗುಂಪಾಗಿ ಬೆಳದಾವ. ರಕ್ತ ಹೋಗೋ ದಾರಿಗಿ ಅಡ್ಡ ಬಂದಿಲ್ಲ. ಕೂಸು ದೊಡ್ಡದಾಗೂಮುಂದ ತಾವೇ ಸಣ್ಣಗಾಗ್ತಾವ," ಎಂದರು ಡಾಕ್ಟರ್.

"ಕರಗತಾವಂದ್ರ ಮುಗೀತಲ್ರಿ," ಅತ್ತೆ ಸೆರಗು ಸರಿಮಾಡಿಕೊಂಡು ಏಳಲು ಹೊರಟರು.

"ಕುಂದ್ರಿ ಅಮ್ಮ. ಗಂಟಿನ ಚಿಂತಿ ನನಗೂ ಇಲ್ಲ. ಗಂಟು ಯಾಕ ಬಂದಾವ ಅನ್ನೋದು ಚಿಂತಿ."

ಹೀಗೆ ಒಂದಕ್ಕಿಂತ ಹೆಚ್ಚು ಗಂಟುಗಳಿದ್ದರೆ ಹೆಚ್ಚಿನ ಮಕ್ಕಳಲ್ಲಿ ಅದರ ಹಿಂದೆ ಒಂದು ವಂಶವಾಹಿಯ ಕಾಯಿಲೆ ಇರುತ್ತದಂತೆ. ಹೆಸರು ಟ್ಯೂಬರಸ್ ಸ್ಕ್ಲೆರೋಸಿಸ್. ಮೊದಲು ಹೃದಯದಲ್ಲಿ ಕಾಣುತ್ತದೆ, ಆಮೇಲೆ ಮೆದುಳಿನಲ್ಲಿ, ಚರ್ಮದ ಮೇಲೆ, ಕಿಡ್ನಿಯಲ್ಲಿ. ಹೃದಯದ್ದು ಹೋಗುತ್ತದೆ, ಉಳಿದವು ಉಳಿಯುತ್ತವೆ. ಕೂಸಿಗೆ ಮುಂದಿನ ಕೆಲವು ತಿಂಗಳಲ್ಲಿ ಫಿಟ್ಸ್ ಶುರುವಾಗಬಹುದು. ಶುರುವಾದರೆ ಒಂದು ದಿನವೂ ತಡ ಮಾಡಬಾರದು. ತಡವಾದರೆ ಬುದ್ಧಿ ಬೆಳೆಯುವುದು ನಿಲ್ಲುತ್ತದೆ, ಮಾತು ಬರುವುದಿಲ್ಲ.

"ಮನ್ಯಾಗ ಯಾರಿಗರೆ ಮೈಮ್ಯಾಲ ಬಿಳಿ ಕಲಿ ಅವೇನು? ಮುಖದ ಮ್ಯಾಲ ಹೋಗದೇ ಇರೋ ಮೊಡವಿ? ಮೂರ್ಛಿ?"

"ಇಲ್ರಿ," ಎಂದರು ಅತ್ತೆ, ಪ್ರಶ್ನೆ ಮುಗಿಯುವ ಮೊದಲೇ. "ನಮ್ಮ ಕುಲದಾಗ ಯಾರಿಗೂ ಇಲ್ಲ. ಬಿಳಿದು ಅಂತೂ ಇಲ್ವೇ ಇಲ್ಲ."

ಡಾಕ್ಟರ್ ಕೂಸಿನ ಅಂಗಿ ಎತ್ತಿ ನೋಡಿದರು. ಅರಿಶಿಣ, ಎಣ್ಣೆ, ಪೌಡರು. ಕೂಸು ಕಿರುಚುತ್ತಿತ್ತು. "ಇಷ್ಟೆಲ್ಲಾ ಹಚ್ಚಿದ್ರ ನನಗೇನೂ ಕಾಣಂಗಿಲ್ಲ. ಹದಿನೈದು ದಿನ ಬಿಟ್ಟು ಬರೇ ನೀರು ಎರದು ಕರಕೊಂಡ ಬರ್ರಿ."

ಹದಿನೈದು ದಿನ ಆಯಿತು. ಅತ್ತೆ ಮೊದಲು ಅಮವಾಸ್ಯೆ ಎಂದರು, ಆಮೇಲೆ ಕೂಸಿಗೆ ನೆಗಡಿ ಎಂದರು. ಐದನೆಯ ತಿಂಗಳಲ್ಲಿ ಕೂಸನ್ನು ಗಂಡನ ಮನೆಗೆ ಕಳಿಸುವ ದಿನ ಹತ್ತಿರ ಬಂತು. ಗುರುವಾರ ಹುಮನಾಬಾದಿನವರು ಬರುವವರಿದ್ದರು.

ಅದಕ್ಕೆ ಎರಡು ದಿನ ಮುಂಚೆ ಹುಡಗಿ ಎಂಬ ಊರಿನಿಂದ ಫೋನ್ ಬಂತು. ಅದು ಅತ್ತೆಯ ತವರೂರು. ಅವರ ದೊಡ್ಡಪ್ಪನ ಸೊಸೆ ತೀರಿಕೊಂಡಿದ್ದಳು. ಅತ್ತೆ ಬೆಳಿಗ್ಗೆ ಏಳಕ್ಕೇ ಬಸ್ಸು ಹಿಡಿದರು. ಹೋಗುವಾಗ ಪೂನಂಗೆ ಎರಡು ಸಲ ಹೇಳಿದರು, "ಇವತ್ತ ಕೂಸಿಗಿ ನೀರ ಹಾಕಬ್ಯಾಡ. ನಾಳಿ ನಾನೇ ಎರಿತೀನಿ."

ಪೂನಂ ಒಬ್ಬಳೇ ಆಗುತ್ತಾಳೆಂದು ನಾನು ಕಾಲೇಜಿಗೆ ರಜೆ ಹಾಕಿದ್ದೆ. ಹತ್ತು ಗಂಟೆಗೆ ಕೂಸು ಮೈತುಂಬ ಹೊಲಸು ಮಾಡಿಕೊಂಡಿತು.

"ಏನ್ ಮಾಡ್ಲಿ ವೈನಿ?"

"ಎರೀಬೇಕು. ಮತ್ತೇನ್ ಮಾಡ್ತೀ."

"ನನಗ ಕಾಲಮ್ಯಾಲ ಹಾಕ್ಕೊಂಡು ಎರೀಲಾಕ ಬರಂಗಿಲ್ಲ. ಜಾರತಾಳ."

ಮಣೆ ಹಾಕಿಕೊಂಡು ಕುಳಿತು ಕಾಲು ಚಾಚಿದೆ. ಕೂಸನ್ನು ಎತ್ತಿಕೊಳ್ಳಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರೂ ನನ್ನ ಕೈಗೆ ಕೊಟ್ಟಿರಲೂ ಇಲ್ಲ. ಪೂನಂ ಬೋರಲು ಮಲಗಿಸಿ ಕೊಟ್ಟಳು, ತಂಬಿಗೆಯಿಂದ ನೀರು ಬಿಟ್ಟಳು. ಬಿಸಿಯಾದ, ಸಣ್ಣ, ಒದ್ದೆ ಬೆನ್ನು. ಸೀಗೆಪುಡಿ ಹಾಕಿ ತಿಕ್ಕಿದೆ. ಕಾಡಿಗೆ ಹೋಯಿತು. ಅದರ ಅಡಿಯಲ್ಲಿ ಚರ್ಮ ತಿಳಿಯಾಗಿತ್ತು.

ಬಿಳುಪಲ್ಲ. ತೊನ್ನಿನ ಹಾಗೆ ಸುಣ್ಣದ ಬಿಳುಪಲ್ಲ. ಸುತ್ತಲಿನ ಬಣ್ಣಕ್ಕೆ ಸ್ವಲ್ಪ ಹಾಲು ಬೆರೆಸಿದಂತೆ. ಆಕಾರ ಕರಿಬೇವಿನ ಎಲೆಯದು, ಒಂದು ತುದಿ ದುಂಡಗೆ, ಇನ್ನೊಂದು ಚೂಪು. ಮೀನಖಂಡದಲ್ಲೂ ಅದೇ. ಪಕ್ಕೆಯಲ್ಲೂ ಅದೇ. ತೊಡೆಯ ಹಿಂದೆ, ಕಾಡಿಗೆ ಹಚ್ಚಲು ಅತ್ತೆಗೆ ಕಾಣದೆ ಹೋದವು ಎರಡು.

ಒರೆಸಿ, ಅಂಗಳದ ಬಿಸಿಲಿಗೆ ಎತ್ತಿಕೊಂಡು ಹೋದೆ. ಕಾಲೇಜಿನ ಚೀಲದಿಂದ ಸ್ಕೇಲು ತಂದೆ.

"ಏನ್ ವೈನಿ, ಅಂಗಿ ಹೊಲೀತೀಯೇನ?"

"ಸುಮ್ಮನ ನೋಡಾಕತ್ತೀನಿ."

ದೊಡ್ಡದು ಹದಿನಾಲ್ಕು ಮಿಲಿಮೀಟರ್. ಸಣ್ಣದು ಆರು. ಅಂಗೈ ಮೇಲೆ ಬರೆದುಕೊಂಡೆ. ನನ್ನ ಕೈ ಚುರುಕಾಗಿತ್ತು. ಎಷ್ಟೋ ದಿನಗಳ ಮೇಲೆ ಬೆರಳುಗಳು ಒಂದು ಕೆಲಸವನ್ನು ತಾವಾಗಿ ಮಾಡುತ್ತಿದ್ದವು.

ಆ ಎಲೆಯನ್ನು ನಾನು ಮೊದಲೇ ನೋಡಿದ್ದೆ. ದತ್ತಾತ್ರಿಯ ಎಡಭುಜದ ಕೆಳಗೆ. ಹುಟ್ಟಿನಿಂದ ಇದೆ ಎಂದಿದ್ದ. ಡಾಕ್ಟರ್ ಬಿಳಿ ಕಲೆ ಎಂದಾಗ ಅದು ನನಗೆ ಹೊಳೆದಿರಲಿಲ್ಲ. ಅವನ ಮೂಗಿನ ಎರಡೂ ಬದಿಗೆ ಕೆಂಪು ಕಾಳಿನಂಥ ಗುಳ್ಳೆಗಳಿದ್ದವು, ಮೂವತ್ತೊಂದನೆಯ ವಯಸ್ಸಿನಲ್ಲೂ ಮೊಡವೆಯ ಮುಲಾಮು ತರುತ್ತಿದ್ದ. ಕಾಲಿನ ಕಿರುಬೆರಳಿನ ಉಗುರಿನ ಪಕ್ಕದಲ್ಲಿ ಒಂದು ಸಣ್ಣ ಮಾಂಸದ ಮೊಳಕೆ. ಚಪ್ಪಲಿ ತಿಕ್ಕಿ ಆದದ್ದು ಎನ್ನುತ್ತಿದ್ದ.

ಒಳಗೆ ಹೋಗಿ ಅಲಮಾರಿಯಿಂದ ಅವನ ಆಸ್ಪತ್ರೆಯ ಫೈಲು ತೆಗೆದೆ. ಆವರೆಗೆ ತೆಗೆದಿರಲಿಲ್ಲ. ಹುಮನಾಬಾದಿನಿಂದ ಬಸ್ಸಿನಲ್ಲಿ ಬರುವಾಗ ಅವನಿಗೆ ಪಕ್ಕೆ ನೋವು ಬಂದಿತ್ತು. ಹೆದ್ದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಇಳಿದು ನನಗೆ ಫೋನ್ ಮಾಡಿ, ಗೊಬ್ಬರದ ಚೀಲ ಎತ್ತಿದ್ದೆ, ಅದಕ್ಕೇ ಇರಬೇಕು ಎಂದ. ಸಂಜೆಗೆ ಸ್ಕ್ಯಾನ್ ಮಾಡಿದರು. ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಎಲ್ಲರೂ ಚೀಲದ ಮಾತನ್ನೇ ಹೇಳಿದರು. ನಾನೂ ಅದನ್ನೇ ಹೇಳಿದೆ.

ಸ್ಕ್ಯಾನ್ ವರದಿ ಒಂದೂವರೆ ಪುಟ. ಎರಡೂ ಕಿಡ್ನಿಗಳಲ್ಲಿ ಕೊಬ್ಬು ತುಂಬಿದ ಹಲವು ಗಂಟುಗಳು. ಎಡಗಡೆಯ ದೊಡ್ಡದು ಒಡೆದು ರಕ್ತಸ್ರಾವ. ಕೊನೆಯ ಸಾಲು, ರೋಗಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಇದೆಯೇ ಎಂದು ಪರೀಕ್ಷಿಸುವುದು.

ಆ ಸಾಲು ಹದಿನಾರು ತಿಂಗಳಿಂದ ನನ್ನ ಸೀರೆಗಳ ಕೆಳಗೆ ಇತ್ತು. ಓದಿದ್ದರೆ ಕಲಬುರಗಿಯಲ್ಲಿ ಡಾಕ್ಟರ್ ಆ ಕಾಯಿಲೆಯ ಹೆಸರು ಹೇಳಿದಾಗ ನಾನು ಬಾಯಿ ಬಿಡುತ್ತಿದ್ದೆ.

ಒಂದು ಹಾಳೆ ತೆಗೆದುಕೊಂಡೆ. ಎರಡನೆಯ ವರ್ಷದ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ವಂಶವೃಕ್ಷ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು. ಸಾಕ್ಷಿಯ ವೃತ್ತ ತುಂಬಿಸಿದೆ. ದತ್ತಾತ್ರಿಯ ಚೌಕ ತುಂಬಿಸಿದೆ. ಸತ್ತವರ ಮೇಲೆ ಓರೆಗೆರೆ ಎಳೆಯುವುದು ಪದ್ಧತಿ. ಎಳೆದೆ. ತೀರಿಹೋದ ಮಾವನ ಮೈ ಇವರಂತಿರಲಿಲ್ಲ, ಅವರನ್ನು ಕೊನೆಯ ಕಾಯಿಲೆಯಲ್ಲಿ ನಾನೇ ಒರೆಸಿದ್ದೆ, ಒಂದು ಕಲೆಯೂ ಇರಲಿಲ್ಲ. ಸೋದರಮಾವ ಮತ್ತು ಸೋದರಸೊಸೆ ಇಬ್ಬರೂ ಕಪ್ಪಾದರೆ ನಡುವೆ ಪೂನಂ ಬರುತ್ತಾಳೆ, ಮೇಲೆ ಅತ್ತೆ ಬರುತ್ತಾರೆ. ಆ ಎರಡು ವೃತ್ತಗಳನ್ನು ಪೆನ್ಸಿಲ್ಲಿನಿಂದ ಹಗುರವಾಗಿ ಬರೆದು ಬಿಟ್ಟೆ.

ಸಂಜೆ ಐದಕ್ಕೆ ಅತ್ತೆ ಬಂದರು. ಸ್ನಾನ ಮಾಡಿ, ಅಂಗಳದಲ್ಲಿ ಕೂದಲು ಬಿಚ್ಚಿಕೊಂಡು ಕುಳಿತರು. ಅವರ ಎಡಮುಂಗೈ ತುಂಬ ಹಳೆಯ ಹಚ್ಚೆ, ಹಸಿರು ಮಾಸಿದ್ದು. ತುಳಸಿಕಟ್ಟೆ, ಚೇಳು, ಚುಕ್ಕಿಗಳ ಸಾಲು. ಆರು ವರ್ಷದಿಂದ ಅದನ್ನು ದಿನಾ ನೋಡುತ್ತಿದ್ದೆ. ಹಚ್ಚೆ ಎಂದರೆ ಗೆರೆ ಮತ್ತು ಚುಕ್ಕಿ. ಆದರೆ ಮೊಣಕೈ ಹತ್ತಿರ ಒಂದು ಎಲೆ ಇತ್ತು. ಅದನ್ನು ಮಾತ್ರ ಒಂದಿಷ್ಟೂ ಜಾಗ ಬಿಡದೆ ತುಂಬಿಸಿದ್ದರು.

"ಅತ್ತಿ, ಕೈ ಕೊಡ್ರಿ ಇಲ್ಲಿ."

"ಯಾಕ, ಭವಿಷ್ಯ ಹೇಳ್ತೀಯೇನ?"

"ಈ ಎಲಿ ಒಂದೇ ಯಾಕ ತುಂಬಸ್ಯಾರ?"

ಅವರು ಕೈ ಎಳೆದುಕೊಂಡರು. "ಕಾಲೇಜಿನಾಗ ಕಪ್ಪಿ ಕೊಯ್ಯೋದು ಸಾಕಾಗಿಲ್ಲೇನ, ಮನ್ಯಾಗ ಅತ್ತಿನ ಕೊಯ್ಯಾಕ ಕುಂತಿ?"

"ಕೂಸಿನ ಬೆನ್ನ ತೊಳದೀನಿ ಅತ್ತಿ."

ಅವರು ಬಾಚಣಿಕೆ ಕೆಳಗಿಟ್ಟರು. ಬಾಗಿಲ ಕಡೆ ನೋಡಿದರು. ಪೂನಂ ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಬ್ಯಾಡ ಅಂತ ಹೇಳಿ ಹೋಗಿದ್ದೆ."

"ಐದು ಅವ. ನಿಮಗ ಮೂರೇ ಕಂಡಾವ."

ಅದಕ್ಕೆ ಅವರು ನಗುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಸಣ್ಣಗೆ, ಮೂಗಿನಲ್ಲಿ ನಕ್ಕರು. "ಕಣ್ಣ ಹೋಗ್ಯಾವ ನನ್ನವು," ಎಂದರು. ಆಮೇಲೆ ತಾವೇ ಕೈ ಚಾಚಿದರು.

"ನನಗ ಹನ್ನೊಂದ ವರ್ಷ. ನೋಡಾಕ ಬರೋರಿದ್ರು. ನಮ್ಮವ್ವ ಹಚ್ಚಿ ಹಾಕಾಕಿನ್ನ ಕರಸಿ, ಒಂದ ಸೇರ ಜ್ವಾಳ ಕೊಟ್ಟು, ಇದರ ಮ್ಯಾಲ ಎಲಿ ಕೂಡ್ರಸು ಅಂದ್ಳು. ಬೆನ್ನ ಮ್ಯಾಲೂ ಇದ್ದುವು, ಬಿಟ್ಲು. ಗಂಡ ಬೆನ್ನ ನೋಡೂದ್ರೊಳಗ ಎರಡ ಮಕ್ಕಳಾಗಿರ್ತಾವ ಬಿಡು ಅಂದ್ಳು."

"ಮಾವನೋರು ನೋಡಿದ್ರಾ?"

"ಅವರೇನ್ ನೋಡ್ತಾರ, ಲಾಟೀನ ಆರಸೋರು." ಬಾಗಿಲ ಕಡೆ ಇನ್ನೊಮ್ಮೆ ನೋಡಿ, "ದತ್ತಗೂ ಇತ್ತು. ಗಂಡಸರಿಗಿ ಯಾರ್ ಕೇಳ್ತಾರ. ಪೂನಂಗ ತೊಡಿ ಮ್ಯಾಲ ಅದ. ಹಾಲು ಚೆಲ್ಲಿ ಸುಟ್ಟದ್ದು ಅಂತ ಹೇಳೀನಿ. ಆಕಿನೂ ಹಂಗೇ ತಿಳದಾಳ."

"ಮೂರ್ಛಿ ಯಾರಿಗರೆ ಇತ್ತಾ?"

"ನನ್ನ ತಮ್ಮ ಇದ್ದ, ನರಸಿಂಗ. ಮಾತ ಬರ್ಲಿಲ್ಲ ಅವಗ. ಏಳ ವರ್ಷಕ್ಕ ಹೋದ. ಅದು ಬ್ಯಾರೆ, ಅದು ದೇವರದು."

ಹಾಳೆ ತೋರಿಸಿದೆ. ಚೌಕ, ವೃತ್ತ, ಎಲ್ಲ ಹೇಳಿದೆ. ಇದು ತೊನ್ನಲ್ಲ, ಮುಟ್ಟಿದರೆ ಬರುವುದಲ್ಲ, ಯಾರ ತಪ್ಪೂ ಅಲ್ಲ ಎಂದೆ. ದತ್ತಾತ್ರಿಯ ವರದಿಯ ಕೊನೆಯ ಸಾಲನ್ನು ಕನ್ನಡದಲ್ಲಿ ಓದಿದೆ. ಅವರು ಅದನ್ನು ಎರಡನೆಯ ಸಲ ಓದಿಸಿದರು.

"ಅಂದ್ರ ಚೀಲ ಎತ್ತಿದ್ದಕ್ಕಲ್ಲ."

"ಅಲ್ಲ."

ತುಂಬ ಹೊತ್ತು ಅವರು ತಮ್ಮ ಕೈಯ ಎಲೆಯನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕುಳಿತರು. ನಾನು ಕೂಸಿನ ವಿಷಯಕ್ಕೆ ಬಂದೆ. ಡಾಕ್ಟರಿಗೆ ಇದೆಲ್ಲ ಗೊತ್ತಾಗಬೇಕು, ಪೂನಂ ಗಂಡನ ಮನೆಯವರಿಗೂ ಗೊತ್ತಿರಬೇಕು, ಫಿಟ್ಸ್ ಬಂದಾಗ ಗುರುತು ಹಿಡಿಯುವವರು ಅವರೇ.

"ಕೂಸು ಅಲ್ಲಿ ಹೋಗಿ ಒಂದ ತಿಂಗಳಾಗ್ಲಿ," ಎಂದರು ಅತ್ತೆ. "ಅವರ ತೊಟ್ಟಿಲದಾಗ ಮಲಗ್ಲಿ. ಅವರ ಕೂಸಾಗ್ಲಿ. ಆಮ್ಯಾಲ ಏನ್ ಬೇಕಾದ್ದ ಹೇಳು. ಈಗ ಹೇಳಿದ್ರ ತೊನ್ನಿನ ಮನಿ ಹೆಣ್ಣ ಕೊಟ್ಟಾರಂತ ಪೂನಂನ ಇಲ್ಲೇ ಬಿಟ್ಟ ಹೋಗ್ತಾರ. ನೀ ಇಂಗ್ಲಿಷಿನಾಗ ಏನ್ ಹೇಳಿದ್ರೂ ಅವರ ಕಣ್ಣಿಗಿ ಬಿಳಿದೇ ಕಾಣೋದು."

"ತಿಂಗಳ ಕಾಯೋ ಜಡ್ಡಲ್ಲ ಅತ್ತಿ ಇದು. ಗುರುವಾರ ನೀವೇ ಹೇಳ್ರಿ. ನೀವು ಹೇಳಲಿಲ್ಲಂದ್ರ ನಾ ಹೇಳ್ತೀನಿ."

"ಹೇಳಿದ್ರ ಈ ಮನ್ಯಾಗ ಇರಬ್ಯಾಡ ನೀ."

ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೂಸಿನ ಬೆನ್ನಿಗೆ ಮತ್ತೆ ಕಾಡಿಗೆ. ಈ ಸಲ ಐದೂ ಕಡೆ.

ಗುರುವಾರ ಹನ್ನೊಂದು ಗಂಟೆಗೆ ಪೂನಂಳ ಅತ್ತೆ ಕಸ್ತೂರಿಬಾಯಿ ಮತ್ತು ಗಂಡ ಸೂರ್ಯಕಾಂತ ಬಂದರು. ಹುಮನಾಬಾದಿಗೆ ಅಂಟಿಕೊಂಡ ಮಾಣಿಕನಗರದಲ್ಲಿ, ಪ್ರಭುಗಳ ಗುಡಿಯ ಮುಂದೆ ಅವರದು ತೆಂಗಿನಕಾಯಿ, ಊದುಬತ್ತಿಯ ಅಂಗಡಿ. ಅವರ ಓಣಿಯ ಗೌಸನ ಕಾರಿನಲ್ಲಿ ಬಂದಿದ್ದರು. ಕಸ್ತೂರಿಬಾಯಿ ಹೊಸ್ತಿಲು ದಾಟುವ ಮೊದಲೇ ಮಾತು ಶುರು ಮಾಡಿದರು.

"ಏನ್ರಿ ಬೀಗತ್ಯಾರ, ನಮ್ಮ ಸೊಸಿಗಿ ಉಪವಾಸ ಕೆಡವೀರೇನ, ಹಿಂಗ ಒಣಗ್ಯಾಳ!"

"ನಿಮ್ಮ ಮನ್ಯಾಗ ತಿಂದಿದ್ದು ಈಗ ಇಳದಾದ್ರಿ ಬಾಯಿ, ಅಷ್ಟ ಬರೋಬ್ಬರಿ ಆಗ್ಯಾಳ," ಎಂದರು ಅತ್ತೆ. ನಕ್ಕರು. ಆದರೆ ನನ್ನ ಕಡೆ ನೋಡಲಿಲ್ಲ.

ಹೋಳಿಗೆ ಊಟ ಆಯಿತು. ಹೊರಡುವ ಮುಹೂರ್ತ ಮೂರಕ್ಕೆ. ಎರಡಾಯಿತು. ನಾನು ಬಡಿಸುತ್ತ, ಎಲೆ ಎತ್ತುತ್ತ ಕಾಯುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಎರಡೂಕಾಲಿಗೆ ಕೂಸು ಎದ್ದಿತು. ಕಸ್ತೂರಿಬಾಯಿ ತೊಟ್ಟಿಲಿನಿಂದ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡರು.

ಆಗ ಕೂಸಿನ ತಲೆ ಥಟ್ಟನೆ ಮುಂದಕ್ಕೆ ಬಾಗಿತು. ಎರಡೂ ಕೈಗಳು ಮೇಲೆದ್ದು ಮುಂದೆ ಬಂದವು. ಕಾಲು ಮಡಚಿಕೊಂಡವು. ಒಂದೆರಡು ಸೆಕೆಂಡು. ಮತ್ತೆ ಸಡಿಲವಾಯಿತು. ಕೂಸು ಮುಖ ಹಿಂಡಿ ಅಳಲು ನೋಡಿತು, ಅಷ್ಟರಲ್ಲಿ ಮತ್ತೆ ಬಾಗಿತು.

"ಅಯ್ ನೋಡ್ರಿ! ನಮಸ್ಕಾರ ಮಾಡಾಕತ್ತಾಳ!" ಕಸ್ತೂರಿಬಾಯಿಯ ದನಿ ಏರಿತು. "ಗುರುವಾರ ದಿನ! ಪ್ರಭುಗಳ ಊರಿಗಿ ಹೊಂಟೀನಂತ ತಿಳದಾದ ಕೂಸಿಗಿ!"

"ಎರಡ ದಿನ ಆಯ್ತ್ರಿ ಅತ್ತಿ, ಎದ್ದ ಕೂಡ್ಲೇ ಮಾಡ್ತಾಳ," ಎಂದಳು ಪೂನಂ ಹೆಮ್ಮೆಯಿಂದ.

"ಇನ್ನೊಮ್ಮಿ ಮಾಡು ಬಂಗಾರ, ಪಪ್ಪಾಗ ಮಾಡು," ಸೂರ್ಯಕಾಂತ ಫೋನ್ ತೆಗೆದ. ಕೂಸು ಬಾಗಿತು. ಎಲ್ಲರೂ ನಕ್ಕರು.

ನನ್ನ ಕಣ್ಣು ಗಡಿಯಾರಕ್ಕೆ ಹೋಗಿತ್ತು. ಹತ್ತು ಸೆಕೆಂಡು, ಬಾಗಿತು. ಒಂಬತ್ತು, ಬಾಗಿತು. ಹನ್ನೊಂದು. ಇಷ್ಟು ಸರಿಯಾಗಿ ಯಾವ ಕೂಸೂ ಆಡುವುದಿಲ್ಲ. ಫಿಟ್ಸ್ ಎಂದರೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಎಂದೇ ನಾನು ಕಾಯುತ್ತಿದ್ದೆ. ಎರಡು ದಿನದಿಂದ ಅದು ಇದೇ ಮನೆಯಲ್ಲಿ ನಡೆಯುತ್ತಿತ್ತು, ಹಿಂದಿನ ದಿನ ನಾನು ಕಾಲೇಜಿನಲ್ಲಿದ್ದೆ, ಆ ಬೆಳಿಗ್ಗೆ ಒಲೆಯ ಮುಂದೆ.

"ವಿಡಿಯೋ ನಿಲ್ಲಸಬ್ಯಾಡ್ರಿ," ಎಂದೆ.

ನನ್ನ ದನಿಗೆ ಎಲ್ಲರೂ ತಿರುಗಿದರು. ಮುಂದಿನ ಮಾತು ಬಾಯಿಗೆ ಬರುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಕೆಳಗಿಟ್ಟ ಸಪ್ಪಳ. ಅತ್ತೆ ನಿಂತಿದ್ದರು. ಕೂಸನ್ನೇ ನೋಡುತ್ತಿದ್ದರು.

"ನರಸಿಂಗ ಹಿಂಗೇ ಮಾಡತಿದ್ದ," ಎಂದರು.

ಹುಮನಾಬಾದಿನವರಿಗೆ ಅರ್ಥವಾಗಲಿಲ್ಲ.

"ನನ್ನ ತಮ್ಮ. ಹಿಂಗೇ, ಎದ್ದ ಕೂಡ್ಲೇ. ಶರಣಾರ್ಥಿ ಹೇಳೋ ಕೂಸು ಅಂತ ಹುಡಗಿ ಊರೇ ಬರತಿತ್ತು ನೋಡಾಕ. ಕಾಲಿಗಿ ಬೀಳೋರು. ನಮ್ಮವ್ವ ಒಂದ ವರ್ಷ ಖುಷೀಲಿದ್ಲು. ಆಮ್ಯಾಲ ಅಂವ ನಮ್ಮ ಮಾರಿ ನೋಡೋದ ಬಿಟ್ಟ."

ಅವರು ಬಂದು ಕಸ್ತೂರಿಬಾಯಿಯ ಎದುರಿಗೆ ಕುಳಿತರು. ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿದರು. ಬೀಗತಿಯ ತೊಡೆಯ ಮೇಲೆಯೇ ಕೂಸನ್ನು ಮಗ್ಗುಲಾಗಿಸಿ ಬೆನ್ನು ಒರೆಸಿದರು. ಪಕ್ಕೆ ಒರೆಸಿದರು. ಕಾಲು ಒರೆಸಿದರು. ಸೆರಗು ಕಪ್ಪಾಯಿತು.

"ನೋಡ್ರಿ. ನಾನೇ ಮುಚ್ಚಿದ್ದೆ."

ಕಸ್ತೂರಿಬಾಯಿ ಕೂಸನ್ನು ಕಣ್ಣ ಹತ್ತಿರಕ್ಕೆ ತಂದುಕೊಂಡರು. "ಏನಿದು? ತೊನ್ನಾ?"

"ಅಲ್ರಿ," ಎಂದೆ. ನಾಲ್ಕು ವಾಕ್ಯದಲ್ಲಿ ಹೇಳಿದೆ. ಹೃದಯದ ಗಂಟು, ಈ ಕಲೆ, ಈ ಬಾಗುವುದು, ಮೂರೂ ಒಂದೇ ಬೇರಿನವು. ಈ ಬಾಗುವುದು ಫಿಟ್ಸ್. ಇವತ್ತೇ ಔಷಧ ಶುರುವಾಗಬೇಕು. ಅಮ್ಮನಿಂದ ಮಗಳಿಗೆ, ಮಗಳಿಂದ ಕೂಸಿಗೆ ಬಂದಿದೆ.

"ಅಂದ್ರ ನಿಮ್ಮ ಕಡಿಂದು."

"ಹೌದ್ರಿ. ನನ್ನದು," ಎಂದರು ಅತ್ತೆ, ತೋಳು ಚಾಚಿ.

ಪೂನಂ ಗೋಡೆಗೆ ಒರಗಿ ನಿಂತಿದ್ದಳು. "ಅವ್ವಾ, ಹಾಲು ಚೆಲ್ಲಿದ್ದು?" ಎಂದಳು.

"ಅದೆಲ್ಲಾ ಗಾಡ್ಯಾಗ ಮಾತಾಡ್ರಿ," ಸೂರ್ಯಕಾಂತ ಎದ್ದ. "ಏ ಗೌಸ, ಗಾಡಿ ತಿರವು. ಕಲಬುರಗಿ."

ಕಾರು ಸಸ್ತಾಪುರ ಬಂಗ್ಲಾ ದಾಟಿದ ಮೇಲೆ ಕಸ್ತೂರಿಬಾಯಿ ಕೇಳತೊಡಗಿದರು. ಸಾಕ್ಷಿಗೆ ಮುಂದೆ ತಮ್ಮ ಹುಟ್ಟಿದರೆ? ಅರ್ಧಕ್ಕರ್ಧ, ನಾಣ್ಯ ತೂರಿದಂತೆ ಎಂದೆ. ನಾಣ್ಯ ಒಂದು ಸಲ ಬಿದ್ದದ್ದು ಮುಂದಿನದಕ್ಕೆ ಲೆಕ್ಕವಿಲ್ಲವೇ? ಇಲ್ಲ, ಪ್ರತಿ ಸಲ ಹೊಸದಾಗಿ. ಸಖುಬಾಯಿಗೆ ಏನೂ ಆಗಿಲ್ಲ, ತಮ್ಮ ಸತ್ತ, ಅದು ಹೇಗೆ? ಅದು ಯಾರಿಗೂ ಪೂರ್ತಿ ಗೊತ್ತಿಲ್ಲ ಎಂದೆ. ಒಂದೇ ತಪ್ಪು ಒಬ್ಬರ ಮೈಯಲ್ಲಿ ಒಂದು ಎಲೆಯಷ್ಟೇ ಆಗಿ ಉಳಿಯುತ್ತದೆ, ಇನ್ನೊಬ್ಬರಲ್ಲಿ ಮೆದುಳಿಗೆ ಹೋಗುತ್ತದೆ.

"ನಿಮ್ಮ ಪುಸ್ತಕದಾಗೂ ಇಲ್ಲಾ?"

"ಇಲ್ರಿ."

"ಹಂಗಂದ್ರ ಏನ್ ಓದ್ತೀರವ್ವ ಅಷ್ಟ ವರ್ಷ," ಎಂದರು.

ಹುಮನಾಬಾದ್ ಬಂತು. ಮಾಣಿಕನಗರಕ್ಕೆ ತಿರುಗುವಲ್ಲಿ ಗೌಸ ನಿಧಾನ ಮಾಡಿ ಕನ್ನಡಿಯಲ್ಲಿ ಹಿಂದೆ ನೋಡಿದ. ಅಲ್ಲಿ ಇಳಿಯಬೇಕಿತ್ತು, ಆರತಿಯ ತಟ್ಟೆ ತಯಾರಿತ್ತು. ಕಸ್ತೂರಿಬಾಯಿ ಕಿಟಕಿಯ ಕಡೆ ತಿರುಗಲೇ ಇಲ್ಲ. ಗಾಡಿ ಮುಂದೆ ಹೋಯಿತು.

ಡಾಕ್ಟರ್ ಸಂಘರತ್ನ ವಿಡಿಯೋವನ್ನು ಹತ್ತು ಸೆಕೆಂಡು ನೋಡಿ ಎದ್ದು ನಿಂತರು, ತಾವೇ ನಮ್ಮನ್ನು ನರರೋಗದ ಡಾಕ್ಟರ ಕೋಣೆಗೆ ನಡೆಸಿಕೊಂಡು ಹೋದರು. ಕೂಸಿನ ತಲೆಗೆ ತಂತಿ ಅಂಟಿಸಿದರು. ಕಾಗದದ ಮೇಲೆ ಗೆರೆಗಳು ಒಂದರ ಮೇಲೊಂದು ಬಿದ್ದು ಯಾವುದು ಎಲ್ಲಿಂದ ಶುರು ಎಂದು ತಿಳಿಯದಂತಿದ್ದವು. ಔಷಧ ಪುಡಿಯ ರೂಪದ್ದು, ನೀರಿನಲ್ಲಿ ಕಲಸಿ ದಿನಕ್ಕೆ ಎರಡು ಸಲ ಕುಡಿಸಬೇಕು. ಅದರಿಂದ ಕಣ್ಣಿಗೆ ತೊಂದರೆಯಾಗಬಹುದು, ಆಗಾಗ ತೋರಿಸುತ್ತಿರಬೇಕು. ಅದು ಅಲ್ಲಿ ಸಿಗಲಿಲ್ಲ, ಹೈದರಾಬಾದಿನಿಂದ ಬಸ್ಸಿಗೆ ಹಾಕಿಸಿ ತರಿಸಿದರು.

ದತ್ತಾತ್ರಿಯ ವರದಿ ಕೊಟ್ಟೆ. ಡಾಕ್ಟರ್ ಕೊನೆಯ ಸಾಲಿಗೆ ಬಂದು ತಲೆ ಎತ್ತಿದರು.

"ಇದನ್ನ ನಿಮಗ ಯಾರೂ ಹೇಳಲಿಲ್ಲಾ?"

"ನಾ ಓದಿರಲಿಲ್ಲ."

ಅವರು ಚೀಟಿ ತೆಗೆದು ಪೂನಂ ಮತ್ತು ಅತ್ತೆಯ ಕಿಡ್ನಿಯ ಸ್ಕ್ಯಾನ್ ಮಾಡಿಸಬೇಕೆಂದು ಬರೆದರು.

ಆಮೇಲೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ನೀಲಿ ದೀಪ ಹಿಡಿದು ಪೂನಂಳ ಮೈ ನೋಡಿದರು. ತೊಡೆಯ ಮೇಲಿನದು ಹೊಳೆಯಿತು. ಬೆನ್ನ ಮೇಲೆ ಯಾರಿಗೂ ಗೊತ್ತಿಲ್ಲದ ಮೂರು ಹೊಳೆದವು. "ಎಷ್ಟ ಅವ ವೈನಿ?" ಎಂದು ಪೂನಂ ಕತ್ತಲಲ್ಲಿ ಕೇಳಿದಳು. ಹೇಳಿದೆ. "ಎಲ್ಲೆಲ್ಲಿ?" ಒಂದೊಂದನ್ನೂ ಬೆರಳಿನಿಂದ ಮುಟ್ಟಿ ತೋರಿಸಿದೆ.

ಕಸ್ತೂರಿಬಾಯಿ ಹೊರಗಿನಿಂದ ಬಾಗಿಲು ಬಡಿದರು. "ನಮ್ಮ ಹುಡಗಂದೂ ನೋಡ್ರಿ ಡಾಕ್ಟರಬಾಯಿ. ಒಂದ ಕಡಿದೇ ಯಾಕ ನೋಡ್ತೀರಿ. ಏ ಸೂರ್ಯಾ, ತೆಗಿ ಅಂಗಿ."

"ಅವ್ವಾ, ಇಲ್ಲೇನ—"

"ತೆಗಿ ಅಂದ್ರ ತೆಗಿ. ನಾಚತಾನ ನೋಡು, ಮಾಣಿಕನಗರದಾಗ ಬರೇ ಬನೀನಿನ ಮ್ಯಾಲ ಕಾಯಿ ಮಾರಾವ."

ಸೂರ್ಯಕಾಂತನ ಮೈಯಲ್ಲಿ ಏನೂ ಇರಲಿಲ್ಲ. ಅದನ್ನು ಕೇಳಿ ಕಸ್ತೂರಿಬಾಯಿ ಹೊರಗಿನ ಬೆಂಚಿನಲ್ಲಿ ಅತ್ತೆಯ ಪಕ್ಕಕ್ಕೆ ಹೋಗಿ ಕುಳಿತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

"ಮುಚ್ಚಿದ್ದಕ್ಕ ನಿಮ್ಮ ಮ್ಯಾಲ ನನಗ ಸಿಟ್ಟ ಅದ ಬೀಗತ್ಯಾರ. ಅದು ಹೋಗಂಗಿಲ್ಲ ಇಷ್ಟ ಲಗೂನ."

"ಇರಲ್ರಿ," ಎಂದರು ಅತ್ತೆ.

"ಕೂಸು ನಮ್ದು. ಸೊಸಿನೂ ನಮ್ದು. ಅದಕ್ಕೂ ಇದಕ್ಕೂ ಕೂಡಸಬ್ಯಾಡ್ರಿ."

ವಾರ್ಡಿನಲ್ಲಿ ಆರು ದಿನ ಇದ್ದೆವು. ಎರಡನೆಯ ದಿನ ಹದಿನೇಳು ಸಲ ಬಾಗಿದಳು. ಮೂರನೆಯ ದಿನ ಹನ್ನೆರಡು. ನಾಲ್ಕನೆಯ ದಿನ ಮತ್ತೆ ಹದಿನಾಲ್ಕು. ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ ನಾಲ್ಕು. ಆರನೆಯ ದಿನ ಬೆಳಿಗ್ಗೆ ಎಂಟಕ್ಕೆ ಕೂಸು ಕಣ್ಣು ಬಿಡುವ ಹೊತ್ತಿಗೆ ನಾವು ಐದೂ ಜನ ಮಂಚದ ಸುತ್ತ ನಿಂತಿದ್ದೆವು. ಸೂರ್ಯಕಾಂತ ಫೋನ್ ಹಿಡಿದಿದ್ದ. ನಾನು ಗಡಿಯಾರ ನೋಡುತ್ತಿದ್ದೆ.

ಒಂದು ನಿಮಿಷ. ಕೂಸು ಆಕಳಿಸಿತು. ಎರಡು ನಿಮಿಷ. ಮುಷ್ಟಿಯನ್ನು ಬಾಯಿಗೆ ತರಲು ಹೋಗಿ ಕಿವಿಗೆ ತಗುಲಿಸಿಕೊಂಡಿತು. ಐದು ನಿಮಿಷ. ಅತ್ತೆಯ ತುಟಿ ಅಲುಗುತ್ತಿತ್ತು. ಕೂಸು ಒಬ್ಬೊಬ್ಬರ ಮುಖವನ್ನೂ ನೋಡಿತು. ಕಸ್ತೂರಿಬಾಯಿಯ ಮೂಗುತಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು, ಅಲ್ಲಿಂದ ನನ್ನ ಕಡೆ ಬಂತು. ಇವರು ಯಾಕೆ ಹೀಗೆ ನಿಂತಿದ್ದಾರೆ ಎಂದು ತಿಳಿಯದವರ ನೋಟ.

ಹನ್ನೊಂದು ನಿಮಿಷಕ್ಕೆ ಸೂರ್ಯಕಾಂತನ ಕೈ ನೋಯಿತು.

"ನಿಲ್ಲಸ್ಲೇನ ವೈನಿ?"

"ಇನ್ನೊಂದ ಐದ ನಿಮಿಷ," ಎಂದೆ.

ಅವನು ಕೈ ಬದಲಿಸಿದ.